2018ರ ಪೋಲೊ ಜಿಟಿ ತಗೊಳ್ಳಲಾ, 2021ರ ಟಿಎಸ್‌ಐ ತಗೊಳ್ಳಲಾ?

ಪ್ರಶ್ನೆ: ಸಾರ್, ಕಾಲೇಜು ದಿನಗಳಿಂದ ನನಗೆ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಹುಚ್ಚು. ಕೈಗೆ ದುಡ್ಡು ಬರುವ ಹೊತ್ತಿಗೆ ಕಂಪನಿಯವರು ಕಾರನ್ನೇ ನಿಲ್ಲಿಸಿಬಿಟ್ಟರು. ಈಗ ಎರಡು ಸೆಕೆಂಡ್ ಹ್ಯಾಂಡ್ ಪೋಲೊ ನೋಡಿಟ್ಟಿದ್ದೇನೆ. ಒಂದು 2018ರ ಜಿಟಿ ಟಿಎಸ್‌ಐ (ಟರ್ಬೊ ಪೆಟ್ರೋಲ್), 1.2 ಲೀಟರ್ ಎಂಜಿನ್, ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್), ಬೆಂಗಳೂರಿನ ಕಾರು, ಎರಡನೇ ಓನರ್, 58,000 ಕಿ.ಮೀ. ಓಡಿದೆ, ಆರೂಕಾಲು ಲಕ್ಷ ಹೇಳುತ್ತಿದ್ದಾರೆ. ಇನ್ನೊಂದು 2021ರ 1.0 ಟಿಎಸ್‌ಐ ಮ್ಯಾನುಯಲ್, ಪುಣೆ ರಿಜಿಸ್ಟ್ರೇಷನ್, ಮೊದಲ ಓನರ್, 41,000 ಕಿ.ಮೀ., ಏಳು ಲಕ್ಷ. ನಾನಿರುವುದು ಹುಬ್ಬಳ್ಳಿ. ದಿನಾ ಧಾರವಾಡಕ್ಕೆ ಹೋಗಿ ಬರಬೇಕು, ತಿಂಗಳಿಗೊಮ್ಮೆ ಬೆಂಗಳೂರು, ಆಗಾಗ ಅಂಕೋಲಾ ಕಡೆ. ಗೆಳೆಯರು 1.2 ಬಿಡಬೇಡ, ಮೂರು ಸಿಲಿಂಡರಿನ 1.0 ಒಂದು ಕಾರೇ ಅಲ್ಲ ಅಂತಾರೆ. ಮನೆಯಲ್ಲಿ ಹೊಸ ಮಾಡೆಲ್ಲೇ ಇರಲಿ ಅಂತಾರೆ. ನೀವೇನು ಹೇಳುತ್ತೀರಿ?
– ಹುಬ್ಬಳ್ಳಿಯ ಓದುಗರು

ಉತ್ತರ: 2021ರದ್ದು. ಆದರೆ ಮನೆಯವರು ಹೇಳುವ ಕಾರಣಕ್ಕಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಕಾರಿನಲ್ಲಿ ಇಸವಿಗೆ ಬೆಲೆ ಇರುವುದು ಒಂದೇ ಕಡೆ, 2020ರಲ್ಲಿ. 2013ರಲ್ಲಿ ಬಂದ ಜಿಟಿ ಟಿಎಸ್‌ಐಗೆ 2014ರಲ್ಲಿ ಒಂದು ಸಲ, 2019ರಲ್ಲಿ ಇನ್ನೊಂದು ಸಲ ಮುಖ ತಿದ್ದಿದರು. ಒಳಗಿನ ಲೆಕ್ಕ ಮಾತ್ರ ಅದೇ ಇತ್ತು: 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್ (ಎಳೆಯುವ ಬಲ), ಏಳು ಗೇರಿನ ಡಿಎಸ್‌ಜಿ. ಹಾಗಾಗಿ 2016ರದ್ದೋ 2018ರದ್ದೋ ಅಂತ ಯಾರಾದರೂ ತಲೆ ಕೆಡಿಸಿಕೊಂಡಿದ್ದರೆ, ಸುಮ್ನೆ ಯಾವುದರ ಸರ್ವಿಸ್ ಪುಸ್ತಕ ಚೆನ್ನಾಗಿದೆಯೋ ಅದನ್ನು ತಗೊಳ್ಳಿ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಕಡ್ಡಾಯವಾಯಿತು ನೋಡಿ, ಆಗ 1.2 ಹೋಯಿತು, ಅದರ ಜೊತೆ ಡಿಎಸ್‌ಜಿಯೂ ಹೋಯಿತು. ಮೂರು ಸಿಲಿಂಡರಿನ 1.0 ಟಿಎಸ್‌ಐ ಬಂತು, 110 ಪಿಎಸ್, ಟಾರ್ಕ್ ಅದೇ 175. ಮೊದಲು ಆರು ಗೇರಿನ ಮ್ಯಾನುಯಲ್, ಅದೇ ವರ್ಷ ಕೊನೆಯ ಹೊತ್ತಿಗೆ ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್. 2022ರಲ್ಲಿ ಪೋಲೊ ಕಥೆಯೇ ಮುಗಿಯಿತು. ಅಂದರೆ ನಿಮ್ಮ ಮುಂದಿರುವುದು ಎರಡು ಇಸವಿ ಅಲ್ಲ, ಎರಡು ಗೇರ್‌ಬಾಕ್ಸ್.

ಗೆಳೆಯರ ಮಾತು ಸುಳ್ಳಲ್ಲ. 1.2 ನಾಲ್ಕು ಸಿಲಿಂಡರಿನದ್ದು, ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಆನ್ ಇದೆಯೋ ಇಲ್ಲವೋ ಅನ್ನಿಸುವಷ್ಟು ನುಣುಪು. 1.0 ಸ್ವಲ್ಪ ಗುರ್ ಅನ್ನುತ್ತದೆ, 1,800 ಆರ್‌ಪಿಎಂ ಕೆಳಗೆ ಸೋಮಾರಿ. ಡಿಎಸ್‌ಜಿ ಸರಿಯಾಗಿರುವಾಗ ಎಸ್ (ಸ್ಪೋರ್ಟ್) ಮೋಡ್‌ಗೆ ಹಾಕಿ ಒಂದು ಸಲ ಲಾರಿ ಓವರ್‌ಟೇಕ್ ಮಾಡಿದವರಿಗೆ ಆ ರುಚಿ ಬಿಡುವುದಿಲ್ಲ. 0ಯಿಂದ 100ಕ್ಕೆ 9.7 ಸೆಕೆಂಡ್ ಅಂತ ಕಂಪನಿಯವರೇ ಹೇಳುತ್ತಿದ್ದರು, ಆ ಕಾಲಕ್ಕೆ ಆ ಬೆಲೆಯ ಆಟೊಮ್ಯಾಟಿಕ್ ಕಾರಿಗೆ ಅದು ಸಣ್ಣ ಮಾತಲ್ಲ. ಆದರೆ ಗೆಳೆಯರು ಕಾರು ಓಡಿಸಿ ಕೀ ವಾಪಸ್ ಕೊಟ್ಟು ಹೋಗುತ್ತಾರೆ, ಗ್ಯಾರೇಜ್ ಬಿಲ್ ಕಟ್ಟುವುದು ನೀವು.

ಬಿಲ್ ಬರುವುದು ಎಲ್ಲಿಂದ? ಆ ಡಿಎಸ್‌ಜಿಗೆ ಡಿಕ್ಯು200 ಅಂತ ಹೆಸರು. ಒಳಗೆ ಎರಡು ಕ್ಲಚ್. ಒಂದು 1, 3, 5, 7ನೇ ಗೇರಿಗೆ, ಇನ್ನೊಂದು 2, 4, 6 ಮತ್ತು ರಿವರ್ಸ್‌ಗೆ. ಎರಡೂ ಒಣ ಕ್ಲಚ್, ತಣ್ಣಗೆ ಮಾಡಲು ಎಣ್ಣೆ ಇಲ್ಲ. ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಟ್ರಾಫಿಕ್‌ನಲ್ಲಿ ಬ್ರೇಕ್ ಅರ್ಧ ಬಿಟ್ಟು, ಮತ್ತೆ ಒತ್ತಿ, ಮತ್ತೆ ಅರ್ಧ ಬಿಟ್ಟು ಮುಂದೆ ತೆವಳುತ್ತೀರಲ್ಲ, ಆಗ ಕಾರು ತಾನೇ ಹಾಫ್ ಕ್ಲಚ್‌ನಲ್ಲಿ ಓಡುತ್ತಿರುತ್ತದೆ. ಕ್ಲಚ್ ಕಾಯುತ್ತದೆ, ಸವೆಯುತ್ತದೆ. ಇದರ ಮೇಲೆ ಮೆಕಾಟ್ರಾನಿಕ್ ಅಂತ ಒಂದು ಭಾಗ, ಗೇರ್ ಬದಲಿಸುವ ಎಲೆಕ್ಟ್ರಾನಿಕ್ಸ್ ಮತ್ತು ಹೈಡ್ರಾಲಿಕ್ಸ್ ಎರಡೂ ಅದರೊಳಗೇ. ಅದು ಕೈಕೊಟ್ಟರೆ ಮೀಟರ್‌ನಲ್ಲಿ ಗೇರಿನ ಅಕ್ಷರ ಮಿನುಗಲು ಶುರುವಾಗುತ್ತದೆ, ಕೆಲವು ಗೇರ್ ಬೀಳುವುದೇ ಇಲ್ಲ. ಹೊಸ ಮೆಕಾಟ್ರಾನಿಕ್ ಹಾಕಿಸಿದರೆ ಖರ್ಚು ಲಕ್ಷದ ಲೆಕ್ಕದಲ್ಲಿ. ಇದು ಬರೀ ನಮ್ಮೂರ ದೂರು ಅಂದುಕೊಳ್ಳಬೇಡಿ. 2013ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್‌ನವರು ಏಳು ಗೇರಿನ ಡಿಎಸ್‌ಜಿ ಇದ್ದ ಸುಮಾರು 16 ಲಕ್ಷ ಕಾರುಗಳನ್ನು ಪ್ರಪಂಚದಾದ್ಯಂತ ವಾಪಸ್ ಕರೆದು ಗೇರ್‌ಬಾಕ್ಸಿನ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿಕೊಟ್ಟಿದ್ದರು. 2018ರ ಕಾರಿಗೆ ಆ ಹಳೇ ಎಣ್ಣೆಯ ತೊಂದರೆ ಇಲ್ಲ. ಕ್ಲಚ್ ಕಾಯುವ ಗುಣ ಮಾತ್ರ ಹಾಗೇ ಇದೆ.

ಈಗ ನಿಮ್ಮ ದಾರಿ ನೋಡೋಣ. 2018ರ ಕಾರು ಆ 58,000 ಕಿ.ಮೀ.ಯಲ್ಲಿ ಎಷ್ಟನ್ನು ಸಿಲ್ಕ್ ಬೋರ್ಡ್, ಹೆಬ್ಬಾಳದ ಕಡೆ ಕಳೆದಿದೆಯೋ ಯಾರಿಗೆ ಗೊತ್ತು? ಬೆಂಗಳೂರಿನಲ್ಲಿ ಓಡಿದ 58,000 ಬೇರೆ, ಪುಣೆ ಹೈವೇಯಲ್ಲಿ ಓಡಿದ 58,000 ಬೇರೆ, ಮೀಟರ್ ಎರಡನ್ನೂ ಒಂದೇ ಥರ ತೋರಿಸುತ್ತದೆ. ನಿಮ್ಮ ಹುಬ್ಬಳ್ಳಿ-ಧಾರವಾಡ ಓಡಾಟವೇನೋ ಡಿಎಸ್‌ಜಿಗೆ ಪರವಾಗಿಲ್ಲ. ಅಂಕೋಲಾಕ್ಕೆ ಹೋಗುವಾಗ ಅರಬೈಲ್ ಘಾಟಿ ಇದೆಯಲ್ಲ, ಅಲ್ಲಿಂದ ವಾಪಸ್ ಹತ್ತುವಾಗ ಲೋಡ್ ತುಂಬಿದ ಲಾರಿಯ ಹಿಂದೆ ಸಿಕ್ಕಿಕೊಂಡು ನಡೆದುಕೊಂಡು ಹೋದ ಹಾಗೆ ಹತ್ತಬೇಕಾಗುತ್ತದೆ. ಒಣ ಕ್ಲಚ್‌ಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮ್ಯಾನುಯಲ್ ಕಾರಿನಲ್ಲೂ ಹಾಫ್ ಕ್ಲಚ್ ಆಗುತ್ತದೆ, ಒಪ್ಪುತ್ತೇನೆ. ಆದರೆ ಆ ಕ್ಲಚ್ ಹೋದರೆ ಬಿಲ್ ಇದರ ಹತ್ತಿರಕ್ಕೂ ಬರುವುದಿಲ್ಲ, ಅದನ್ನು ಹಾಕಲು ಬರುವ ಮೆಕ್ಯಾನಿಕ್ ಜಿಲ್ಲಾ ಕೇಂದ್ರದಲ್ಲೆಲ್ಲ ಸಿಗುತ್ತಾನೆ.

ಇನ್ನೊಂದು ಮಾತು. 1.0 ಟಿಎಸ್‌ಐ ಕುಟುಂಬದ ಎಂಜಿನ್ನೇ ಆಮೇಲೆ ಫೋಕ್ಸ್‌ವ್ಯಾಗನ್ ಟೈಗುನ್, ವರ್ಟಸ್, ಸ್ಕೋಡಾ ಕುಶಾಕ್, ಸ್ಲಾವಿಯಾ ಕಾರುಗಳಿಗೂ ಬಂತು, ಅಲ್ಲಿ 115 ಪಿಎಸ್. ಹಾಗಾಗಿ ಬಿಡಿಭಾಗಕ್ಕೆ, ಗೊತ್ತಿರುವ ಮೆಕ್ಯಾನಿಕ್‌ಗೆ ಇನ್ನೂ ಸುಮಾರು ವರ್ಷ ಬರ ಬರುವುದಿಲ್ಲ. 1.2ಕ್ಕೆ ಆ ಅನುಕೂಲ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಾ ಹೋಗುತ್ತದೆ. ಮೈಲೇಜ್ ಕೇಳಿಲ್ಲ ನೀವು, ಆದರೂ ಹೇಳಿಬಿಡುತ್ತೇನೆ: ಎಆರ್‌ಎಐ ಪರೀಕ್ಷಾ ಸಂಸ್ಥೆಯ ಲೆಕ್ಕದಲ್ಲಿ ಲೀಟರಿಗೆ 1.2ಕ್ಕೆ 17.21 ಕಿ.ಮೀ., 1.0 ಮ್ಯಾನುಯಲ್‌ಗೆ 18.24. ಅಷ್ಟೇನೂ ವ್ಯತ್ಯಾಸ ಇಲ್ಲ, ಇದಕ್ಕಾಗಿ ನಿರ್ಧಾರ ಮಾಡಬೇಡಿ. ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲ್ ವಿಷಯದಲ್ಲೂ ಹಾಗೇ, ಎರಡೂ ಕಾರು ಅದಕ್ಕೆ ಸಂಬಂಧಿಸಿದ 2023ರ ಏಪ್ರಿಲ್ ನಿಯಮಕ್ಕಿಂತ ಮುಂಚಿನವು, ಎರಡೂ ಒಂದೇ ದೋಣಿಯಲ್ಲಿವೆ.

ಪುಣೆ ಕಾರಿನ ಏಳು ಲಕ್ಷ ಏಳೇ ಲಕ್ಷ ಅಲ್ಲ ಅನ್ನುವುದು ಗೊತ್ತಿರಲಿ. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಫಾರ್ಮ್ 28. ಕಾರಿನ ಮೇಲೆ ಸಾಲ ಇದ್ದರೆ ಅದು ತೀರಿದೆ ಅನ್ನುವ ಬ್ಯಾಂಕಿನ ಫಾರ್ಮ್ 35 ಬೇಕು. ಇಲ್ಲಿ ಬಂದು ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು, ಅದು ಜಾಸ್ತಿಯೇ. ಅಡ್ವಾನ್ಸ್ ಕೊಡುವ ಮುಂಚೆ ಆರ್‌ಸಿ ಪ್ರತಿ ಹಿಡಿದು ಆರ್‌ಟಿಒಗೆ ಹೋಗಿ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿಸಿಕೊಂಡು ಬನ್ನಿ, ಏಜೆಂಟ್ ಬಾಯಿಲೆಕ್ಕ ನಂಬಬೇಡಿ. ಅಲ್ಲಿ ಕಟ್ಟಿದ ಟ್ಯಾಕ್ಸ್‌ನಲ್ಲಿ ಉಳಿದ ವರ್ಷಗಳ ಪಾಲು ವಾಪಸ್ ಕೇಳಲು ಅವಕಾಶ ಇದೆ, ಅರ್ಜಿ ಹಾಕಿ, ಓಡಾಟ ಇರುತ್ತದೆ. ಈ ಖರ್ಚು ತೋರಿಸಿಯೇ ಬೆಲೆ ಇಳಿಸಿ. ಮಾರುವವರಿಗೂ ಇದು ಗೊತ್ತಿರುತ್ತದೆ, ಕೇಳದೆ ಇಳಿಸುವುದಿಲ್ಲ ಅಷ್ಟೇ. ಹಳೇ ಓನರಿನ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುತ್ತದೆ ಅಂತ ಯಾರಾದರೂ ಹೇಳಿದರೆ ಅದೂ ಸುಳ್ಳು, ಅದು ಓನರಿನದ್ದು, ಕಾರಿನದ್ದಲ್ಲ.

ಆಮೇಲೆ ಅದು ಯಾವ ವೇರಿಯಂಟ್ ಅಂತ ಬರೆದಿಲ್ಲ ನೀವು. 2021ರಲ್ಲಿ ಕೆಳಗಿನ ದರ್ಜೆಯ ಕಂಫರ್ಟ್‌ಲೈನ್ ಮೇಲೆ ಕಟ್ಟಿದ ಟರ್ಬೊ ಎಡಿಷನ್ ಕೂಡ ಇತ್ತು, ಎಂಜಿನ್ ಅದೇ, ಸೌಲಭ್ಯ ಮೇಲಿನ ದರ್ಜೆಯ ಹೈಲೈನ್ ಪ್ಲಸ್‌ಗಿಂತ ಕಡಿಮೆ. ಹೈಲೈನ್ ಬೆಲೆ ಕೊಟ್ಟು ಅದನ್ನು ತರಬೇಡಿ. ಬರೀ 1.0 ಪೋಲೊ ತಂದು ಟಿಎಸ್‌ಐ ಬ್ಯಾಡ್ಜ್ ಅಂಟಿಸಿ ನಿಲ್ಲಿಸುವವರೂ ಇದ್ದಾರೆ. ಆರ್‌ಸಿಯಲ್ಲಿ ಸಿಸಿ ನೋಡಿದರೆ ಗೊತ್ತಾಗುವುದಿಲ್ಲ, ಟರ್ಬೊ ಇಲ್ಲದ್ದೂ 999, ಟರ್ಬೊ ಇರುವುದೂ 999. ಗೇರ್ ನಾಬ್ ನೋಡಿ. ಆರನೇ ಗೇರ್ ಇದ್ದರೆ ಟಿಎಸ್‌ಐ, ಐದೇ ಇದ್ದರೆ ಅಲ್ಲ. ಇನ್ನು ಇಎಸ್‌ಪಿ, ಅಂದರೆ ಕಾರು ಜಾರದಂತೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ. ಹಳೇ ಜಿಟಿಯಲ್ಲಿ ಇತ್ತು, ಇದರಲ್ಲಿ ಇದೆಯೋ ಇಲ್ಲವೋ ಬಾಯಿಮಾತಿಗೆ ಬಿಡಬೇಡಿ: ಕೀ ಆನ್ ಮಾಡಿದಾಗ ಮೀಟರ್‌ನಲ್ಲಿ ಜಾರುತ್ತಿರುವ ಕಾರಿನ ಚಿಹ್ನೆ ಹತ್ತಿ ಆರಬೇಕು. ಮಳೆಗಾಲದಲ್ಲಿ ಘಾಟಿ ಇಳಿಯುವವರಿಗೆ ಇದು ಸಣ್ಣ ವಿಷಯ ಅಲ್ಲ. ಇಲ್ಲದಿದ್ದರೆ ಕಾರು ಬೇಡ ಅಂತಲ್ಲ, ಗೊತ್ತಿದ್ದು ತಗೊಳ್ಳಿ.

ಕಾರು ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ ಅಂತ ಮೊದಲೇ ಹೇಳಿ. ನೀವು ಹೋದಾಗ ಬಾನೆಟ್ ಬಿಸಿ ಇದ್ದರೆ ಯಾಕೆ ಅಂತ ಕೇಳಿ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿ, ಎಂಜಿನ್ ಪಕ್ಕ, ಪೈಪ್ ಸೇರುವ ಕಡೆ ಗುಲಾಬಿ ಬಣ್ಣದ ಒಣಗಿದ ಕಲೆ ಇದ್ದರೆ ಕೂಲೆಂಟ್ ಸೋರುತ್ತಿದೆ ಅಂತ ಅರ್ಥ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 1421 ಅಂದರೆ 2021ರ 14ನೇ ವಾರ. 41,000 ಓಡಿದ ಕಾರಿಗೆ ಕಾರಿನ ಜೊತೆ ಬಂದ ಟೈರೇ ಇದ್ದರೂ ಆಶ್ಚರ್ಯ ಇಲ್ಲ. ನಾಲ್ಕೂ ಟೈರ್ 2023ರದ್ದಾದರೆ ಯಾಕೆ ಅಷ್ಟು ಬೇಗ ಬದಲಾಯಿಸಿದರು ಅಂತ ಮೀಟರ್ ಕಡೆ ಒಂದು ಅನುಮಾನದ ಕಣ್ಣು ಇರಲಿ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ನಲವತ್ತರಲ್ಲಿ ಹೋಗುತ್ತಾ ಆಕ್ಸಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಿಸ್ಟರಿ ತೆಗೆಸಿ.

ಎಷ್ಟು ಹೇಳಿದರೂ ಮನಸ್ಸು 1.2 ಕಡೆಗೇ ಎಳೆಯುತ್ತಿದ್ದರೆ ಬೇಡ ಅನ್ನುವುದಿಲ್ಲ. ಅದನ್ನು ಯಾವುದಾದರೂ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ರ‍್ಯಾಂಪ್‌ಗೆ ಒಯ್ಯಿರಿ. ರಿವರ್ಸ್‌ನಲ್ಲಿ ನಿಧಾನಕ್ಕೆ ಹತ್ತಿಸಿ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ ಬಿಸಿ ಮಾಡಿ ಮತ್ತೆ ಅದೇ ರ‍್ಯಾಂಪ್ ಹತ್ತಿಸಿ. ಸೀಟು ಗಡಗಡ ನಡುಗಿದರೆ, 2ರಿಂದ 1ಕ್ಕೆ ಬೀಳುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗಾದರೆ, ನಗುತ್ತಾ ಕೀ ವಾಪಸ್ ಕೊಟ್ಟು ಬನ್ನಿ. ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸುವುದು) ಆಗಿದೆಯಾ ಅಂತ ನೇರವಾಗಿ ಕೇಳಿ, ಈ ಕಾರಿಗೆ ಮಾಡಿಸಿದವರು ಬಹಳ. ಆ ಗೇರ್‌ಬಾಕ್ಸ್ ತಾಳುವುದೇ 250 ಎನ್‌ಎಂ. ಮೊದಲ ಓನರ್ ಮಾಡಿಸಿ, ಮಾರುವಾಗ ಮತ್ತೆ ಮೊದಲಿನಂತೆ ಮಾಡಿಸಿದ್ದರೆ ಕ್ಲಚ್‌ಗೆ ಆದದ್ದು ಆಗಿಹೋಗಿದೆ. ಇಷ್ಟೆಲ್ಲ ಸರಿ ಬಂದರೂ ಒಂದೂವರೆ ಲಕ್ಷ ಬೇರೆ ಎತ್ತಿಟ್ಟುಕೊಂಡು ತಗೊಳ್ಳಿ. ಅಷ್ಟು ಎತ್ತಿಡಲು ಆಗದಿದ್ದರೆ ಆ ಕಾರು ನಿಮ್ಮ ಬಜೆಟ್‌ನದ್ದಲ್ಲ, ಬೆಲೆ ಆರೂಕಾಲೇ ಇದ್ದರೂ.

ಪ್ರಶ್ನೆ: ನಾನು ನೋಡಿದ ಕಾರು 2018ರ ನವೆಂಬರ್‌ನಲ್ಲಿ ತಯಾರಾಗಿದೆ, 2019ರ ಮಾರ್ಚ್‌ನಲ್ಲಿ ರಿಜಿಸ್ಟರ್ ಆಗಿದೆ. ಮಾರುವವರು 2019 ಮಾಡೆಲ್ ಅಂತ ಹೇಳಿ ಮೂವತ್ತು ಸಾವಿರ ಜಾಸ್ತಿ ಕೇಳುತ್ತಾರೆ. ಕೊಡಬಹುದಾ?
– ತುಮಕೂರಿನ ಓದುಗರು

ಉತ್ತರ: ಕೊಡಬೇಡಿ. ನಾಳೆ ನೀವು ಮಾರಲು ಹೋದಾಗ ತಗೊಳ್ಳುವವರು ಆರ್‌ಸಿಯಲ್ಲಿ ತಯಾರಾದ ತಿಂಗಳನ್ನೇ ತೋರಿಸಿ 2018 ಅಂತ ಚೌಕಾಸಿ ಮಾಡುತ್ತಾರೆ. ಆರ್‌ಸಿ ನಡೆಯುವ ಹದಿನೈದು ವರ್ಷದ ಲೆಕ್ಕ ರಿಜಿಸ್ಟ್ರೇಷನ್ ದಿನದಿಂದ ಶುರು ಆಗುತ್ತದೆ, ಆ ನಾಲ್ಕು ತಿಂಗಳು ನಿಮಗೆ ಲಾಭವೇ. ಅದಕ್ಕೆ ಮೂವತ್ತು ಸಾವಿರ ಬೆಲೆ ಇಲ್ಲ.

ಪ್ರಶ್ನೆ: ಸ್ಕೋಡಾ ಆಕ್ಟೇವಿಯಾದ ಜೋರು ಮಾಡೆಲ್ ವಿಆರ್‌ಎಸ್, 2017ರದ್ದಾ 2020ರದ್ದಾ? ಎರಡೂ ಸಿಗುತ್ತಿವೆ.
– ಮಂಗಳೂರಿನ ಓದುಗರು

ಉತ್ತರ: ಎರಡೂ ಸಿಗುತ್ತಿವೆಯಾ? ಅದೃಷ್ಟವಂತರು. 2020ರ ವಿಆರ್‌ಎಸ್ 245 ಇಡೀ ದೇಶಕ್ಕೆ ಬಂದದ್ದೇ 200 ಕಾರು. 2017ರದ್ದು 230 ಪಿಎಸ್, 350 ಎನ್‌ಎಂ, ಆರು ಗೇರಿನ ಡಿಎಸ್‌ಜಿ. 2020ರದ್ದು 245 ಪಿಎಸ್, 370 ಎನ್‌ಎಂ, ಏಳು ಗೇರು. ಮೇಲಿನ ಉತ್ತರ ಓದಿ ಡಿಎಸ್‌ಜಿ ಅಂದರೆ ಹೆದರಬೇಡಿ, ಇವೆರಡರಲ್ಲೂ ಇರುವುದು ಎಣ್ಣೆಯಲ್ಲಿ ಮುಳುಗಿದ ಕ್ಲಚ್, ಜಾತಿಯೇ ಬೇರೆ. ಆ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿದ ಬಿಲ್ ಇದೆಯಾ ನೋಡಿ, ಇಲ್ಲದಿದ್ದರೆ ಅದೇ ಚೌಕಾಸಿಗೆ ದಾರಿ. 245ರಲ್ಲಿ ಮುಂದಿನ ಚಕ್ರಗಳಿಗೆ ಎಲೆಕ್ಟ್ರಾನಿಕ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆ, ತಿರುವಿನಲ್ಲಿ ಆಕ್ಸಲರೇಟರ್ ಒತ್ತಿದರೆ ಕಾರು ಹೊರಗೆ ಓಡದೆ ಒಳಗೆ ಹಿಡಿದುಕೊಳ್ಳುತ್ತದೆ, ಚಾರ್ಮಾಡಿ ಹತ್ತುವವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಹದಿನೈದು ಪಿಎಸ್ ವ್ಯತ್ಯಾಸ ನಿಮಗೆ ಗೊತ್ತೂ ಆಗುವುದಿಲ್ಲ. ಹೊಸದರಲ್ಲಿ ಎಕ್ಸ್ ಶೋರೂಮ್ ಬೆಲೆ 2017ರದ್ದಕ್ಕೆ 24.62 ಲಕ್ಷ, 2020ರದ್ದಕ್ಕೆ 35.99 ಲಕ್ಷ ಇತ್ತು, ಈಗಲೂ ಅಂತರ ದೊಡ್ಡದಿರುತ್ತದೆ. ದಿನಾ ಓಡಿಸುವವರಾದರೆ 2017ರದ್ದು ತಗೊಂಡು ಉಳಿದ ದುಡ್ಡಲ್ಲಿ ಟೈರ್, ಬ್ರೇಕ್, ಸಸ್ಪೆನ್ಷನ್ ಎಲ್ಲ ಹೊಸದಾಗಿ ಹಾಕಿಸಿ. ಭಾನುವಾರ ಮಾತ್ರ ಹೊರಗೆ ತೆಗೆದು ವರ್ಷಾನುಗಟ್ಟಲೆ ಇಟ್ಟುಕೊಳ್ಳುವ ಆಸೆ ಇದ್ದರೆ 245. ಮಾಮೂಲಿ ಆಕ್ಟೇವಿಯಾಕ್ಕೆ ವಿಆರ್‌ಎಸ್ ಗ್ರಿಲ್ಲು, ಬ್ಯಾಡ್ಜು ಹಾಕಿದ್ದು ಕೂಡ ಓಡಾಡುತ್ತಿವೆ, ಫೋಟೊ ನೋಡಿ ಟೋಕನ್ ಕಳಿಸಬೇಡಿ.