ಉಂಡ ಮನೆಯ ಜಂತೆ ಎಣಿಸಿದವರು

ದಾವಣಗೆರೆಯ ವಿದ್ಯಾನಗರದಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು. ಊರಾಚೆಯ ಒಂದು ವಸತಿ ಕೇಂದ್ರದಲ್ಲಿ ಅಂಗವೈಕಲ್ಯ ಇರುವ ನಲವತ್ತು ಜನ ಇದ್ದಾರೆ. ಮೇಷ್ಟ್ರು ಮೊಮ್ಮಗಳ ಹುಟ್ಟುಹಬ್ಬಕ್ಕೆ ಆರು ವರ್ಷದಿಂದ ಅಲ್ಲಿ ಹೋಳಿಗೆ ಊಟ ಹಾಕಿಸುತ್ತಿದ್ದಾರೆ. ಈ ಸಲ ಹೋದಾಗ ಒಂದು ಸುದ್ದಿ ಕಿವಿಗೆ ಬಿತ್ತು. ಅಲ್ಲಿನ ಏಳು ಮಂದಿ ಜಿಲ್ಲಾಧಿಕಾರಿ ಕಚೇರಿಗೆ ಮನವಿ ಕೊಟ್ಟಿದ್ದಾರಂತೆ. ರಾತ್ರಿ ಎಂಟಕ್ಕೇ ಲೈಟ್ ಆರಿಸಬೇಡಿ. ವೀಲ್‌ಚೇರ್‌ಗಳನ್ನು ಸ್ಟೋರ್ ರೂಮಿಗೆ ಹಾಕಿ ಬೀಗ ಜಡಿಯಬೇಡಿ. ಎಲ್ಲರನ್ನೂ ಸಾಲಾಗಿ ಕೂರಿಸಿ ಸ್ನಾನ ಮಾಡಿಸಬೇಡಿ, ಬಚ್ಚಲಿಗೆ ಬಾಗಿಲು ಇರಲಿ. ಮೊಬೈಲ್ ವಾಪಸ್ ಕೊಡಿ. ತಿಂಗಳಿಗೊಮ್ಮೆ ಪೇಟೆಗೆ ಹೋಗಿ ಬರಲು ಬಿಡಿ. ದಾನಿಗಳು ಬಂದಾಗ ನಮ್ಮನ್ನು ಕೇಳದೆ ಫೋಟೊ ತೆಗೆಯಬೇಡಿ.

ಮೇಷ್ಟ್ರಿಗೆ ಬೇಸರವಾಗಿದೆ. ಮ್ಯಾನೇಜರು ಅವರ ಮುಂದೆ ಕಣ್ಣೀರು ಹಾಕಿದರಂತೆ. "ಉಂಡ ಮನೆಯ ಜಂತೆ ಎಣಿಸಬಾರದು ಎಂದು ಹಿರಿಯರು ಸುಮ್ನೆ ಹೇಳಿಲ್ಲ. ನಿಮ್ಮ ಪತ್ರಿಕೆ ಆ ಕೇಂದ್ರಕ್ಕೆ ಹೋಗುತ್ತದೆ. ಆ ಮಕ್ಕಳಿಗೆ ನಾಲ್ಕು ಬುದ್ಧಿಮಾತು ಬರೆಯಿರಿ" ಎಂದು ಕೇಳಿದ್ದಾರೆ.

ಮೇಷ್ಟ್ರೇ, ಆರು ವರ್ಷ ತಪ್ಪದೆ ಒಂದೇ ಮನೆಗೆ ಹೋಗಿ ಬರುವವರು ಈ ಊರಿನಲ್ಲಿ ಜಾಸ್ತಿ ಇಲ್ಲ. ಮ್ಯಾನೇಜರ ಕಷ್ಟವೂ ಸುಳ್ಳಲ್ಲ. ನಲವತ್ತು ಜನಕ್ಕೆ ಇಬ್ಬರು ಆಯಾ, ರಾತ್ರಿಗೆ ಒಬ್ಬ ವಾಚ್‌ಮನ್, ಮಾರ್ಚ್ ಮುಗಿಯುವ ಹೊತ್ತಿಗೆ ಬರುವ ಅನುದಾನ ಎಂದು ನೀವೇ ಬರೆದಿದ್ದೀರಿ. ಒಪ್ಪಿದೆ. ಆದರೆ ಬುದ್ಧಿಮಾತು ಬರೆಯಲು ಕೂತರೆ ನನ್ನ ಪೆನ್ನು ಆ ಏಳು ಜನರ ಕಡೆಗೇ ವಾಲುತ್ತಿದೆ.

ನಿಮ್ಮ ಗಾದೆಯಿಂದಲೇ ಶುರು ಮಾಡೋಣ. ಅದು ನೆಂಟರಿಗೆ ಹೇಳಿದ ಮಾತು. ಬಂದವನು ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಹೋಗಬೇಕು. ಮನೆಯವನಿಗೆ ಆ ಮಾತು ಹೊಂದುವುದಿಲ್ಲ. ಮನೆಯವನೇ ತಲೆಯೆತ್ತಿ ನೋಡದಿದ್ದರೆ ಜಂತೆಗೆ ಗೆದ್ದಲು ಹಿಡಿದದ್ದು ಯಾರಿಗೆ ಗೊತ್ತಾಗಬೇಕು? ಈ ಏಳು ಜನರಲ್ಲಿ ಒಬ್ಬ ಹನ್ನೆರಡು ವರ್ಷದಿಂದ ಅಲ್ಲೇ ಇದ್ದಾನೆ ಎಂದು ಬರೆದಿದ್ದೀರಿ. ಹನ್ನೆರಡು ವರ್ಷದ ನೆಂಟ ಎಲ್ಲಾದರೂ ಉಂಟೇ? ಇನ್ನು, ಎಂಟು ಗಂಟೆಗೆ ಅಂಗಾತ ಮಲಗಿಸಿ ವೀಲ್‌ಚೇರ್ ಒಯ್ದುಬಿಟ್ಟರೆ ಜಂತೆ ಎಣಿಸದೆ ಮತ್ತೇನು ಮಾಡಬೇಕು? ಲೈಟೂ ಆರಿಸಿದ್ದೀರಿ, ಪಾಪ, ಅದೂ ಕಾಣುವುದಿಲ್ಲ.

ಇನ್ನೊಂದು ಮಾತಿಗೆ ಸಿಟ್ಟಾಗಬೇಡಿ. ನಿಮ್ಮ ಪತ್ರದಲ್ಲಿ 'ಮಕ್ಕಳು' ಎಂಬ ಪದ ಹದಿನಾಲ್ಕು ಸಲ ಬಂದಿದೆ. (ಎಣಿಸುವ ಚಟ ನನಗೂ ಇದೆ.) ಮನವಿಗೆ ಸಹಿ ಹಾಕಿದವರೆಲ್ಲ ಹದಿನೆಂಟು ದಾಟಿದವರು, ಒಬ್ಬಳಿಗೆ ಇಪ್ಪತ್ತಾರು. ಚುನಾವಣೆಯ ದಿನ ಇದೇ ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ದು ಓಟು ಹಾಕಿಸುತ್ತೇವೆ. ಶಾಸಕರನ್ನು ಆರಿಸಲು ಬರುವ ಬುದ್ಧಿ ಮಲಗುವ ಹೊತ್ತು ಆರಿಸಲು ಬರುವುದಿಲ್ಲವೇ?

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಆಗಸ್ಟ್ 15ರಂದು ದಾನಿಗಳ ಗುಂಪಿನ ಹಿಂದೆ ಇಂಥದೇ ಒಂದು ಮನೆಗೆ ವರದಿಗೆ ಹೋಗಿದ್ದೆ. ಪೋಲಿಯೊ ಆಗಿದ್ದ ಹದಿನೇಳರ ಹುಡುಗನೊಬ್ಬ ಜಹಾಂಗೀರು ಹಿಡಿದು ಕೂತಿದ್ದ, ತಿನ್ನುತ್ತಿರಲಿಲ್ಲ. ಯಾಕಪ್ಪಾ ಎಂದೆ. "ಸಾರ್, ಬೆಳಗ್ಗೆಯಿಂದ ಇದು ನಾಲ್ಕನೇದು. ಎಲ್ಲರೂ ಇವತ್ತೇ ಬರ್ತಾರೆ. ಹದಿನಾರನೇ ತಾರೀಕು ಯಾರಾದ್ರೂ ಬಂದ್ರೆ ಚೆನ್ನಾಗಿರ್ತಿತ್ತು" ಎಂದ. ಆಮೇಲೆ ನಾಲ್ಕನೇ ಗುಂಪಿಗೂ ಎಲ್ಲರೂ ಎದ್ದು ಪ್ರಾರ್ಥನೆ ಹಾಡಿದರು. ಏಳಲಾಗದವರು ಕೂತು ಹಾಡಿದರು. ನಾನು ಕಚೇರಿಗೆ ಬಂದು ಐದು ಸಾಲು ಬರೆದೆ. ಹಣ್ಣು ಹಂಪಲು, ಸಿಹಿ ವಿತರಣೆ. ದಾನಿಗಳ ಹನ್ನೊಂದು ಹೆಸರು. ಆ ಹುಡುಗನ ಹೆಸರನ್ನು ಕೇಳಿಯೂ ಇರಲಿಲ್ಲ.

ಇವತ್ತಿಗೂ ನನ್ನ ಮೇಜಿಗೆ ಅದೇ ಪ್ರೆಸ್‌ನೋಟು ಬರುತ್ತದೆ. ನಾಯಕರ ಹುಟ್ಟುಹಬ್ಬದ ಪ್ರಯುಕ್ತ ಬ್ರೆಡ್ಡು, ಬಾಳೆಹಣ್ಣು. ಒಂದು ಬಾಳೆಹಣ್ಣಿಗೆ ಆರು ಕೈ. ಹಣ್ಣು ತೆಗೆದುಕೊಳ್ಳುವವನ ಮುಖ ಅರ್ಧ ಕತ್ತರಿಸಿರುತ್ತದೆ.

ಅದಕ್ಕೇ ನನಗೆ ಒಳಗಿನಿಂದ ಬರುವ ಪತ್ರ ಎಂದರೆ ಪ್ರಾಣ. ಒಂದು ಪತ್ರದ ಕತೆ ಕೇಳಿ. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಲೆ ಕೋರ್ಟ್ ಎಂಬ ದೊಡ್ಡ ಮನೆ ಇತ್ತು. ಲೆನಾರ್ಡ್ ಚೆಷೈರ್ ಎಂಬುವರು ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದವರು. 1948ರಲ್ಲಿ, ಹೋಗಲು ಎಲ್ಲೂ ಜಾಗವಿಲ್ಲದೆ ಸಾಯುತ್ತಿದ್ದ ಒಬ್ಬ ರೋಗಿಯನ್ನು ಆ ಮನೆಗೆ ಕರೆತಂದು ತಾವೇ ಆರೈಕೆ ಮಾಡಿದರು. ಚೆಷೈರ್ ಹೋಮ್‌ಗಳು ಹುಟ್ಟಿದ್ದು ಹಾಗೆ. ನಮ್ಮ ಬೆಂಗಳೂರಿಗೂ ಬಂದವು. ಇದಕ್ಕಿಂತ ಒಳ್ಳೆಯ ಮನಸ್ಸಿನ ಶುರು ಬೇಕೇ?

1956ರಲ್ಲಿ ಪಾಲ್ ಹಂಟ್ ಎಂಬ ಹತ್ತೊಂಬತ್ತರ ಯುವಕ ಅಲ್ಲಿಗೆ ಸೇರಿದರು. ಸ್ನಾಯು ಸವೆಯುವ ಕಾಯಿಲೆ, ವೀಲ್‌ಚೇರಿನ ಬದುಕು. ಮನೆ ದೊಡ್ಡದಾದಂತೆ ನಿಯಮಗಳೂ ಬೆಳೆದವು. ಮಲಗುವ ಹೊತ್ತಿನ ಮೇಲೂ ಜಗಳವಾಯಿತು. ನೋಡಿ, ಅಲ್ಲೂ ಅದೇ. ನಮ್ಮ ಮನೆ ನಡೆಸುವುದರಲ್ಲಿ ನಮಗೂ ಒಂದು ಮಾತಿರಲಿ ಎಂದು ಅವರು ಹಟ ಹಿಡಿದರು. ಹೊರಗಿನ ಸಂಶೋಧಕರನ್ನೂ ತಾವೇ ಕರೆಸಿದರು. ಸಂಶೋಧಕರು ಬಂದು ನೋಡಿದರು. ಇಂಥ ಮನೆ ಸೇರುವುದೆಂದರೆ ಸಮಾಜದ ಪಾಲಿಗೆ ಸತ್ತಂತೆಯೇ ಎಂದು 1972ರಲ್ಲಿ ಬರೆದರು. ಹಾಗಾದರೆ ಮನೆಯಿಂದ ಬಿಡಿಸಿ ಎಂದರೇ? ಇಲ್ಲ, ಮನೆಗಳನ್ನು ಇನ್ನೂ ಜಾಣತನದಿಂದ ನಡೆಸುವುದು ಹೇಗೆ ಎಂದು ಸಲಹೆ ಕೊಟ್ಟು ಹೋದರು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹಂಟ್ 'ಗಾರ್ಡಿಯನ್' ಪತ್ರಿಕೆಯ ಸಂಪಾದಕರಿಗೆ ಒಂದು ಸಣ್ಣ ಪತ್ರ ಬರೆದರು. ಇಂಥ ಮನೆಗಳಲ್ಲಿ ನಮ್ಮ ಮಾತು ಯಾರೂ ಕೇಳುವುದಿಲ್ಲ, ನಾವೇ ಒಂದು ಗುಂಪು ಕಟ್ಟೋಣ ಬನ್ನಿ ಎಂಬ ಕರೆ. ಪತ್ರ ಓದಿದವರು ಬಂದರು, ಸಂಘ ಕಟ್ಟಿದರು. ಕಾಲು ಬಾರದಿರುವುದು ಒಂದು, ಅದಕ್ಕಾಗಿ ಹೊರಗಿಡುವುದು ಇನ್ನೊಂದು, ನಮ್ಮನ್ನು ಊನ ಮಾಡಿದ್ದು ಈ ಎರಡನೆಯದು ಎಂದು ಗಟ್ಟಿಯಾಗಿ ವಾದಿಸಿದ್ದು ಆ ಸಂಘ. ಹಂಟ್ 1979ರಲ್ಲಿ, ನಲವತ್ತೆರಡಕ್ಕೇ ತೀರಿಕೊಂಡರು. 'ಉಂಡ ಮನೆ' ಎಂದುಕೊಂಡು ಆ ಸಂಪಾದಕರು ಪತ್ರವನ್ನು ಕಸದ ಬುಟ್ಟಿಗೆ ಹಾಕಿದ್ದರೆ?

ಅಲ್ಲಿಯದು ಇಲ್ಲಿಗೆ ಬೇಡ ಎನ್ನುತ್ತೀರಾ? ಇಲ್ಲಿಯದೇ ಹೇಳುತ್ತೇನೆ. 1994ರಲ್ಲಿ ಪುಣೆ ಹತ್ತಿರದ ಶಿರೂರಿನ ಸರ್ಕಾರಿ ಮನೆಯಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶ ತೆಗೆಸಿದರು. ಮುಟ್ಟಿನ ದಿನಗಳಲ್ಲಿ ನೋಡಿಕೊಳ್ಳುವುದು ಕಷ್ಟ ಎಂಬುದು ಕಾರಣ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳ ಶೆಡ್ಡಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲಾಗದೆ 28 ಜನ ಸತ್ತರು. ಅಲ್ಲಿಂದ ಯಾವ ಮನವಿಯೂ ಜಿಲ್ಲಾಧಿಕಾರಿಗೆ ಮೊದಲೇ ಹೋಗಿದ್ದ ಹಾಗೆ ನಾನು ಓದಿಲ್ಲ. ನಿಮ್ಮ ಕೇಂದ್ರದ ಏಳು ಜನಕ್ಕೆ ಬರೆಯುವ ಧೈರ್ಯ ಇದೆ ಎಂದರೆ ಮ್ಯಾನೇಜರು ಅಳುವುದೇಕೆ, ನಾನಾಗಿದ್ದರೆ ಸ್ವಲ್ಪ ಹೆಮ್ಮೆಪಡುತ್ತಿದ್ದೆ.

ಕಾನೂನಿನ ಮಾತು ಚುಟುಕಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಂ, ಇವರಿಗೆ ಎಲ್ಲರ ನಡುವೆ ಬಾಳುವ ಹಕ್ಕಿದೆ, ಇಂಥ ಜಾಗದಲ್ಲೇ ಇರು ಎಂದು ಕಟ್ಟಿಹಾಕುವಂತಿಲ್ಲ ಎನ್ನುತ್ತದೆ. ದೌರ್ಜನ್ಯವಾಗುತ್ತಿದೆ ಎಂದು ಅನ್ನಿಸಿದರೆ 7ನೇ ಕಲಂ ಪ್ರಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಅಂದರೆ ತಹಶೀಲ್ದಾರರಿಗೋ ಎ.ಸಿ.ಯವರಿಗೋ, ಯಾರು ಬೇಕಾದರೂ ತಿಳಿಸಬಹುದು. ನೀವೂ ತಿಳಿಸಬಹುದಿತ್ತು, ಮೇಷ್ಟ್ರೇ. 92ನೇ ಕಲಮನ್ನು ಮ್ಯಾನೇಜರಿಗೆ ಓದಿ ಹೇಳಿ. ಬೇಕೆಂದೇ ಊಟ ನೀರು ಕೊಡದಿರುವುದು, ಅಂಗವಿಕಲರ ಸಾಧನಗಳ ಬಳಕೆಗೆ ಅಡ್ಡಿ ಮಾಡುವುದು, ಇವಕ್ಕೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಸ್ಟೋರ್ ರೂಮಿನ ಬೀಗ ನೆನಪಾಯಿತಲ್ವಾ?

ಕಾನೂನಿಗೇನು ಬರ? ಹೆಸರಿಗೂ ಬರವಿಲ್ಲ. ಅಂಗವಿಕಲರು ಎಂದೆವು, ವಿಕಲಚೇತನರು ಎಂದೆವು, ವಿಶೇಷಚೇತನರು ಎಂದೆವು, ದೆಹಲಿಯಿಂದ ದಿವ್ಯಾಂಗ ಬಂತು. ಪ್ರತಿ ಸಲ ಬೋರ್ಡು ಬದಲಾಯಿತು. ಬೋರ್ಡಿನ ಕೆಳಗಿನ ಮೂರು ಮೆಟ್ಟಿಲು ಹಾಗೇ ಇವೆ. ಬೆಣ್ಣೆ ದೋಸೆಯ ಊರು ನಮ್ಮದು. ಎಷ್ಟು ದೋಸೆ ಹೋಟೆಲಿನೊಳಗೆ ವೀಲ್‌ಚೇರ್ ಹೋಗುತ್ತದೆ, ಒಮ್ಮೆ ನೋಡಿಕೊಂಡು ಬನ್ನಿ. ಕೆ.ಎಸ್.ಆರ್.ಟಿ.ಸಿ. ರಿಯಾಯಿತಿ ಪಾಸು 100 ಕಿಲೋಮೀಟರಿಗೆ ಸಿಗುತ್ತದೆ. ಚಿತ್ರದುರ್ಗಕ್ಕೆ ಹೋಗಿ ಬರಬಹುದು. ಅಂಗವಿಕಲರ ದೂರು ಕೇಳಬೇಕಾದ ರಾಜ್ಯ ಆಯುಕ್ತರು ಕೂರುವುದು ಬೆಂಗಳೂರಿನಲ್ಲಿ, ಇಲ್ಲಿಂದ 260 ಕಿಲೋಮೀಟರ್. ಪಾಸು ಇದ್ದರೂ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರ. ಅದನ್ನು ಬರೆಯಲು ಕೂತರೆ ಈ ಸಂಚಿಕೆ ಸಾಲುವುದಿಲ್ಲ.

ಗದಗಿನ ಪುಣ್ಯಾಶ್ರಮವೂ ಇಂಥದೇ ಮನೆಯಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ, ಅವರ ನಂತರದ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಕಣ್ಣಿಲ್ಲದವರ ಮನೆಗೆ ಕಣ್ಣಿಲ್ಲದವರೇ ಯಜಮಾನರಾಗಿದ್ದರು. ಅಲ್ಲಿ ಹುಡುಗರು ಬಂದವರಿಗೆಂದು ಎದ್ದು ನಿಂತು ಹಾಡಲಿಲ್ಲ, ಹಾಡುವುದನ್ನೇ ಕಸುಬಾಗಿ ಕಲಿತು ನಾಡು ಸುತ್ತಿದರು. ನಿಮ್ಮ ಕೇಂದ್ರದ ಸಮಿತಿಯಲ್ಲಿ ವೀಲ್‌ಚೇರಿನವರು ಎಷ್ಟು ಜನ ಇದ್ದಾರೆ? ಮುಂದಿನ ಸಲ ಹೋದಾಗ ಕೇಳಿ.

ಹಾಂ, ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಹುಟ್ಟುಹಬ್ಬಕ್ಕೆ ಕಾಯದೆ, ಒಂದು ಮಂಗಳವಾರ ರಾತ್ರಿ ಎಂಟಕ್ಕೆ ಹೋಗಿ. ಹೋಳಿಗೆ ಬೇಡ, ಒಂದು ಪ್ಯಾಕೆಟ್ ಮಂಡಕ್ಕಿ ಮೆಣಸಿನಕಾಯಿ ಸಾಕು. ಆ ಏಳು ಜನರಿಗೆ ನಮ್ಮ ವಿಳಾಸ ಕೊಡಿ. ಅವರ ಮನವಿಯನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತೇನೆ. ಮ್ಯಾನೇಜರು ಉತ್ತರ ಬರೆದರೆ ಅದನ್ನೂ ಪಕ್ಕದಲ್ಲೇ ಹಾಕುತ್ತೇನೆ. ಕೈಯಲ್ಲಿ ಬರೆಯಲಾಗದವರಿಗೆ ನೀವು ಬರೆದುಕೊಡಿ, ಮೇಷ್ಟ್ರೇ. ಅವರು ಹೇಳಿದ್ದನ್ನೇ ಬರೆಯಿರಿ. ಬೇಕಿದ್ದರೆ ಕಾಗುಣಿತ ತಿದ್ದಿ.