ಕ್ರಿಸ್‌ಮಸ್ ಘಮಕ್ಕೆ ಬಾಟಲಿ ಬೇಡ, ಪಾತ್ರೆ ಇಡಿ

ಅಕ್ಕಾ, ನಿಮ್ಮ ಪ್ರಶ್ನೆ ಈಗ ನೋಡಿದೆ. ಆನ್‌ಲೈನಲ್ಲಿ ತರಿಸಿದ ಕಡ್ಡಿ ಡಿಫ್ಯೂಸರ್ (ಘಮದ ಎಣ್ಣೆ ಬಾಟಲಿಯಲ್ಲಿ ಕಡ್ಡಿ ನಿಲ್ಲಿಸಿಡುವುದು) ಹತ್ತೇ ದಿನಕ್ಕೆ ಒಣಗಿತು, ಪೈನ್ ಸ್ಪ್ರೇ ಹೊಡೆದರೆ ಮನೆ ಆಸ್ಪತ್ರೆ ಇದ್ದಂಗಾಗುತ್ತದೆ, ಅತ್ತೆಗೆ ಉಬ್ಬಸ ಬೇರೆ, ಹಬ್ಬದ ಘಮ ಹೇಗೆ ತರಲಿ ಅಂತ ಕೇಳಿದ್ದೀರಿ. ನಾನೂ ಬಳ್ಳಾರಿಯವಳೇ, ಕೌಲ್ ಬಜಾರ್ ಕಡೆ. ಹದಿನೈದು ವರ್ಷದಿಂದ ಮಾಡುತ್ತಿರುವುದನ್ನೇ ಹೇಳುತ್ತೇನೆ.

ಮೊದಲು ಪೈನ್ ಬಿಡಿ. ನೆಲ ಒರೆಸುವ ಬಿಳಿ ಫಿನಾಯಿಲ್‌ಗೆ ಪೈನ್ ಎಣ್ಣೆ ಹಾಕುತ್ತಾರೆ. ಹಾಗಾಗಿ ನಮ್ಮ ಮೂಗಿಗೆ ಅದು ಆಸ್ಪತ್ರೆಯೇ. ಚಳಿ ದೇಶದವರು ಕಾಡಿನ ಮರ ಕಡಿದು ತಂದು ಮನೆಯೊಳಗೆ ನಿಲ್ಲಿಸುತ್ತಾರೆ, ಅವರಿಗೆ ಅದು ಹಬ್ಬ. ನಾವು ಸರ್ವೆ ಕೊಂಬೆ ನಿಲ್ಲಿಸಿ ಬೆಳೆದವರು, ಅದಕ್ಕೆ ಘಮವೇ ಇಲ್ಲ. ಮರದ ವಾಸನೆ ಬೇಕೇ ಬೇಕು ಅಂದರೆ ನರ್ಸರಿಯಿಂದ ಒಂದು ತುಜಾ ಗಿಡ ತನ್ನಿ. ಎಲೆ ಅಂಗೈಯಲ್ಲಿ ತಿಕ್ಕಿ ನೋಡಿ, ಗೊತ್ತಾಗುತ್ತದೆ.

ಡಿಫ್ಯೂಸರ್ ಒಣಗಿದ್ದು ನಮ್ಮ ಒಣಹವೆಗೆ, ಮೇಲೆ ಫ್ಯಾನ್ ಗಾಳಿ. ಇನ್ನೊಂದು ತಂದರೆ ಮೂರೇ ಕಡ್ಡಿ ಹಾಕಿ, ಫ್ಯಾನಿಗೆ ದೂರ ಇಡಿ. ಆದರೆ ಆ ದುಡ್ಡಲ್ಲಿ ಗ್ರಂಥಿಗೆ ಅಂಗಡಿಗೆ ಹೋಗಿ ಬಂದರೆ ಇಡೀ ಡಿಸೆಂಬರ್‌ಗೆ ಸಾಕಾಗುವಷ್ಟು ಸಾಮಾನು ಸಿಗುತ್ತದೆ.

ದಪ್ಪ ತಳದ ಪಾತ್ರೆಗೆ ಒಂದು ಲೀಟರ್ ನೀರು ಹಾಕಿ. ಬೆರಳುದ್ದದ ಚಕ್ಕೆ ಎರಡು, ಲವಂಗ ಎಂಟು ಹತ್ತು, ಜಜ್ಜಿದ ಶುಂಠಿ, ಒಂದು ಚಕ್ರಮೊಗ್ಗು. ಒಂದು ಕುದಿ ಬಂದ ಮೇಲೆ ಉರಿ ತೀರಾ ಸಣ್ಣ ಮಾಡಿ, ಹಬೆ ಆಡಿದರೆ ಸಾಕು. ಕಿತ್ತಳೆ ಸಿಪ್ಪೆ ಈಗಲೇ ಹಾಕಬೇಡಿ. ಎಲ್ಲರೂ ತಪ್ಪು ಮಾಡುವುದು ಇಲ್ಲೇ. ಸಿಪ್ಪೆಯ ಎಣ್ಣೆ ಹಗುರ, ಬೇಗ ಹಾರಿ ಹೋಗುತ್ತದೆ. ಲವಂಗ, ಚಕ್ಕೆ ನಿಧಾನ. ಎಲ್ಲಾ ಒಟ್ಟಿಗೆ ಹಾಕಿದರೆ ನೆಂಟರು ಬರುವಷ್ಟರಲ್ಲಿ ಕಿತ್ತಳೆ ಮಾಯ, ಬರೀ ಕಷಾಯದ ವಾಸನೆ ಉಳಿಯುತ್ತದೆ. ಬಾಗಿಲು ಬಡಿಯುವ ಹತ್ತು ನಿಮಿಷ ಮೊದಲು ಎರಡು ಹಣ್ಣಿನ ಸಿಪ್ಪೆ ಹಿಂಡಿ ಹಾಕಿ. ನೀರು ಕಮ್ಮಿಯಾದಂತೆ ಸೇರಿಸುತ್ತಿರಿ. ಒಲೆ ಹಚ್ಚಿಟ್ಟು ಚರ್ಚಿಗೆ ಮಾತ್ರ ಹೋಗಬೇಡಿ, ತಳ ಹತ್ತಿದರೆ ಆ ಸುಟ್ಟ ವಾಸನೆ ಮೂರು ದಿನ ಬಿಡುವುದಿಲ್ಲ.

ಇನ್ನೊಂದು, ನನಗೆ ತುಂಬಾ ಇಷ್ಟದ್ದು. ಹಣ್ಣಿಗೆ ಲವಂಗ ಚುಚ್ಚಿ ಒಣಗಿಸುವುದು. ಮೊದಲ ವರ್ಷ ನಾಗಪುರ ಕಿತ್ತಳೆಗೆ ಚುಚ್ಚಿದ್ದೆ. ಸಿಪ್ಪೆ ಸಡಿಲ ಅಲ್ವಾ, ಒಳಗೆ ತೇವ ನಿಂತು ವಾರದಲ್ಲಿ ಬುಡಕ್ಕೆ ಹಸಿರು ಬೂಷ್ಟು ಹಿಡಿಯಿತು. ಆಮೇಲೆ ಮೋಸಂಬಿಗೆ ಬಂದೆ, ಸಿಪ್ಪೆ ಬಿಗಿ. ದಬ್ಬಣದಿಂದ ತೂತು ಮಾಡಿ, ಲವಂಗ ಒತ್ತಿ. ಸುಮ್ನೆ ಬೆರಳಿಂದ ಒತ್ತಿದರೆ ಉಗುರು ಸಂದು ಉರಿಯುತ್ತದೆ. ಹಣ್ಣು ಒಣಗಿ ಕುಗ್ಗುತ್ತದೆ, ಹಾಗಾಗಿ ಲವಂಗದ ನಡುವೆ ಸ್ವಲ್ಪ ಜಾಗ ಬಿಡಿ. ಚಕ್ಕೆ ಪುಡಿಯಲ್ಲಿ ಹೊರಳಿಸಿ, ಗಾಳಿಯಾಡುವ ಕಡೆ ಇಟ್ಟು ದಿನಾ ತಿರುಗಿಸಿ. ಡಿಫ್ಯೂಸರ್ ಒಣಗಿಸಿದ ಅದೇ ಹವೆ ಇಲ್ಲಿ ನಮಗೆ ವರ. ಡಿಸೆಂಬರ್ 1ಕ್ಕೆ ಶುರು ಮಾಡಿದರೆ 24ರ ಹೊತ್ತಿಗೆ ಮರದ ಗೋಲಿಯಂತೆ ಗಟ್ಟಿ, ಹಗುರ. ಕೆಂಪು ದಾರ ಕಟ್ಟಿ ಕಿಟಕಿಗೆ ತೂಗು ಹಾಕಿ.

ಗೋದಲಿಗೆ, ಅಂದರೆ ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಪ್ಲಾಸ್ಟಿಕ್ ಹುಲ್ಲು ಬೇಡ ಅಕ್ಕಾ. ಸಿರುಗುಪ್ಪ ಕಡೆ ಆಗ ತಾನೇ ಭತ್ತದ ಕೊಯ್ಲು ಮುಗಿದಿರುತ್ತದೆ. ಒಂದು ಹಿಡಿ ಹೊಸ ಹುಲ್ಲು ತರಿಸಿ ಹಾಸಿ. ಆ ಸಿಹಿ ಹುಲ್ಲಿನ ವಾಸನೆಗೆ ನನಗೆ ಈಗಲೂ ಕಣ್ಣು ತುಂಬುತ್ತದೆ, ನಮ್ಮ ಅಜ್ಜಿ ಮನೆ ಗೋದಲಿ ನೆನಪಾಗಿ.

ಧೂಪದ ವಿಷಯ. ಜ್ಞಾನಿಗಳು ಬಾಲಯೇಸುವಿಗೆ ತಂದದ್ದು ಚಿನ್ನ, ಧೂಪ, ರಕ್ತಬೋಳ ಅಂತ ಮತ್ತಾಯನ ಸುವಾರ್ತೆಯಲ್ಲೇ ಇದೆ. ಹಾಗಾಗಿ ನಮಗೂ ಹಾಕುವ ಆಸೆ. ಆದರೆ ಉಬ್ಬಸ ಇರುವವರ ಮನೆಯೊಳಗೆ ಹೊಗೆ ಖಂಡಿತ ಬೇಡ, ಅಗರಬತ್ತಿಯೂ ಸೇರಿ. ಸಾಂಬ್ರಾಣಿ ಹಾಕಲೇಬೇಕು ಅಂದರೆ ಅತ್ತೆ ಇಲ್ಲದ ಹೊತ್ತು ಅಂಗಳದಲ್ಲಿ ಹಾಕಿ. ಪಾತ್ರೆಯ ಹಬೆಯನ್ನೂ ಮೊದಲ ದಿನ ಕಿಟಕಿ ತೆರೆದು ಐದೇ ನಿಮಿಷ ಇಟ್ಟು ನೋಡಿ. ಕೆಮ್ಮು ಬಂದರೆ ತಕ್ಷಣ ಆರಿಸಿ, ಆಗ ಹುಲ್ಲು ಮೋಸಂಬಿಯಲ್ಲೇ ಹಬ್ಬ ಮಾಡಿ.

ಕಲ್‌ಕಲ್, ರೋಸ್ ಕುಕ್ಕಿಯಂಥ ಹಬ್ಬದ ತಿಂಡಿ ಕರಿಯುವ ದಿನ ಇದ್ಯಾವುದೂ ಬೇಡ. ಎಣ್ಣೆ ವಾಸನೆ ಮೇಲೆ ಚಕ್ಕೆ ಬಿದ್ದರೆ ತಲೆನೋವು. ಅವನ್ನು 22ಕ್ಕೇ ಕರಿದು ಮುಗಿಸಿ, 23ಕ್ಕೆ ಮನೆ ತೆರೆದಿಡಿ. ಕೇಕ್ ಬೇಯುವಾಗಲೂ ಪಾತ್ರೆ ಬೇಡ, ಕೇಕಿನದೇ ಸಾಕು. 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಪಾತ್ರೆ ಇಡಿ. ಬೇಕಾದರೆ ಲವಂಗ, ಚಕ್ಕೆ ಅಳತೆ ಮಾಡಿ ಸಂಜೆಯೇ ತಟ್ಟೆಯಲ್ಲಿಟ್ಟಿರಿ, ಹೊರಗಿಂದ ಬಂದ ತಕ್ಷಣ ಕೈಗೆ ಸಿಗುತ್ತದೆ.