ಓದುಗರ ಪ್ರಶ್ನೆ: ಚೀನಾದ ಹೈಸ್ಕೂಲ್ ಮಕ್ಕಳ ಇಂಗ್ಲಿಷ್ ಓದನ್ನು ಅಳೆಯುವುದು ಹೇಗೆ?

ಈ ಸಲದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಚೀನಾದ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಓದೋಕೆ ಎಷ್ಟು ಬರುತ್ತೆ, ಅದನ್ನು ಪರೀಕ್ಷೆಯಲ್ಲಿ ಹೇಗೆ ಕಂಡುಹಿಡಿಯುತ್ತಾರೆ ಅನ್ನುವುದು. ಹಾಗಾಗಿ ಒಟ್ಟಿಗೇ ಉತ್ತರ ಕೊಡುತ್ತಿದ್ದೇನೆ.

ಪ್ರಶ್ನೆ: ಕೆಲಸದ ಮೇಲೆ ಸುಝೌನಲ್ಲಿ ಇದ್ದೇನೆ. ಪಕ್ಕದ ಮನೆಯ ಹುಡುಗಿ ಸೀನಿಯರ್ ಹೈಸ್ಕೂಲ್ ಎರಡನೇ ವರ್ಷದಲ್ಲಿದ್ದಾಳೆ, ನಮ್ಮ ಪಿಯುಸಿ ಮೊದಲ ವರ್ಷ ಇದ್ದ ಹಾಗೆ. ಗ್ರಾಮರ್‌ನಲ್ಲಿ ತಪ್ಪೇ ಮಾಡಲ್ಲ, ಆದರೆ ಓದಿನ ಭಾಗದಲ್ಲಿ ಪ್ರತಿ ಸಲವೂ ಅರ್ಧದಷ್ಟು ಮಾರ್ಕ್ಸ್ ಹೋಗುತ್ತೆ. ಅವರಮ್ಮ ನನ್ನ ಹತ್ತಿರ ಬಂದು ಏನು ಮಾಡೋದು ಅಂತ ಕೇಳುತ್ತಿದ್ದಾರೆ. ಏನು ಹೇಳಲಿ?

ಉತ್ತರ: ಮೊದಲು ಆ ಪೇಪರ್ ಹೇಗಿರುತ್ತದೆ ನೋಡೋಣ. ಅವಳು ಬರೆಯಬೇಕಾಗಿರುವುದು ಕಾಲೇಜು ಪ್ರವೇಶದ ಪರೀಕ್ಷೆ, ಗಾವ್‌ಕಾವ್. ಒಟ್ಟು 750 ಅಂಕ, ಅದರಲ್ಲಿ ಇಂಗ್ಲಿಷ್‌ಗೆ 150. ಗಣಿತಕ್ಕೂ ಚೀನೀ ಭಾಷೆಗೂ ಇರುವಷ್ಟೇ ತೂಕ. ಸುಝೌ ಇರುವ ಜಿಯಾಂಗ್‌ಸು ಪ್ರಾಂತ್ಯದಲ್ಲಿ ಈಗ ಬಳಸುವ ಪೇಪರ್‌ನಲ್ಲಿ ಓದಿಗೆ 50 ಅಂಕ. ನಾಲ್ಕು ಪ್ಯಾಸೇಜ್, ಅವುಗಳ ಮೇಲೆ 15 ಪ್ರಶ್ನೆ, ಒಂದೊಂದಕ್ಕೆ ಎರಡೂವರೆ ಅಂಕ. ಆಮೇಲೆ ಐದು ಜಾಗ ಖಾಲಿ ಬಿಟ್ಟ ಇನ್ನೊಂದು ಪ್ಯಾಸೇಜ್, ಕೆಳಗೆ ಏಳು ವಾಕ್ಯ, ಸರಿಯಾದ ಐದನ್ನು ಆರಿಸಿ ತುಂಬಬೇಕು. ಪರೀಕ್ಷೆ ಎರಡು ಗಂಟೆ. ಕೇಳಿಸಿಕೊಳ್ಳುವ ಭಾಗ, ಬರವಣಿಗೆ ಎಲ್ಲ ಅದರೊಳಗೇ ಮುಗಿಯಬೇಕು. ನಾಲ್ಕು ಪ್ರಶ್ನೆ ತಪ್ಪಿದರೆ ಹತ್ತು ಅಂಕ ಹೋಯಿತು, ಆ ಹತ್ತು ಅಂಕದ ನಡುವೆ ಸಾವಿರಾರು ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಅವರಮ್ಮನ ಆತಂಕ ಸುಮ್ನೆ ಅಲ್ಲ.

ಈಗ ಹುಡುಗಿಯ ವಿಷಯ. ಮಾರ್ಕ್ಸ್ ಮಾತ್ರ ನೋಡಿದರೆ ಅವಳಿಗೆ ಏನು ಬರಲ್ಲ ಅಂತ ಗೊತ್ತಾಗಲ್ಲ. ಒಂದು ಹಳೆಯ ಪ್ಯಾಸೇಜ್ ತೆಗೆದುಕೊಳ್ಳಿ. ಪ್ರಶ್ನೆಗಳನ್ನು ಮುಚ್ಚಿಡಿ, ಗಡಿಯಾರವನ್ನೂ ಪಕ್ಕಕ್ಕಿಡಿ. ನಿಧಾನವಾಗಿ ಓದಲಿ. ಓದಿದ ಮೇಲೆ ಪುಟ ಮುಚ್ಚಿ, ಅದರಲ್ಲಿ ಏನಿದೆ ಅಂತ ಅವಳ ಭಾಷೆಯಲ್ಲೇ ಅವರಮ್ಮನಿಗೆ ಹೇಳಲಿ. ಚೀನೀ ಭಾಷೆಯಲ್ಲಿ ಹೇಳುವುದು ಮುಖ್ಯ, ಇಂಗ್ಲಿಷ್‌ನಲ್ಲಿ ಹೇಳು ಅಂದರೆ ಪ್ಯಾಸೇಜ್‌ನ ವಾಕ್ಯಗಳನ್ನೇ ಒಪ್ಪಿಸಿಬಿಡುತ್ತಾಳೆ, ಅರ್ಥವಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅಲ್ಲೇ ತಡವರಿಸಿದರೆ ತೊಂದರೆ ಭಾಷೆಯದು. ಚೆನ್ನಾಗಿ ಹೇಳಿ, ಪ್ರಶ್ನೆಗಳಿಗೆ ಮಾತ್ರ ತಪ್ಪು ಉತ್ತರ ಕೊಟ್ಟರೆ ಅವಳಿಗೆ ಆಯ್ಕೆಗಳನ್ನು ತೂಗಿ ನೋಡುವುದು ಬರುತ್ತಿಲ್ಲ. ಎರಡೂ ಸರಿ, ಗಡಿಯಾರ ಇಟ್ಟಾಗ ಮಾತ್ರ ಎಡವುತ್ತಾಳೆ ಅಂದರೆ ವೇಗದ ಸಮಸ್ಯೆ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲಕ್ಕೂ ಒಂದೇ ಮದ್ದು ಅಂತ ಇನ್ನಷ್ಟು ಪೇಪರ್ ಬಿಡಿಸು ಅನ್ನುವುದರಿಂದ ಮಕ್ಕಳು ಸುಸ್ತಾಗುತ್ತಾರೆ, ಅಷ್ಟೇ.

ನನ್ನ ಅಂದಾಜಿನಲ್ಲಿ ಅವಳದು ಮೊದಲನೆಯದು. ಗ್ರಾಮರ್ ಪ್ರಶ್ನೆಯಲ್ಲಿ ಕಣ್ಣು ಒಂದು ಖಾಲಿ ಜಾಗದ ಸುತ್ತಮುತ್ತ ನಾಲ್ಕು ಪದ ನೋಡಿದರೆ ಸಾಕು. ಪ್ಯಾಸೇಜ್‌ನಲ್ಲಿ ನಲವತ್ತು ಪದದ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹಿಡಿಯಬೇಕು. ಅದರಲ್ಲೂ ಚೀನೀ ಮಕ್ಕಳಿಗೆ ಒಂದು ಕಷ್ಟ ಇದೆ, ಅದು ಕನ್ನಡಿಗರಾದ ನಿಮಗೆ ಚೆನ್ನಾಗಿ ಅರ್ಥವಾಗುತ್ತೆ. ನಾವು 'ನಿನ್ನೆ ನಾನು ನೋಡಿದ ಹುಡುಗ' ಅನ್ನುತ್ತೇವೆ, ವಿವರಣೆ ಮೊದಲು, ಹುಡುಗ ಕೊನೆಗೆ. ಚೀನೀ ಭಾಷೆಯಲ್ಲೂ ಹಾಗೇ. ಇಂಗ್ಲಿಷ್‌ನಲ್ಲಿ ಹುಡುಗ ಮೊದಲು ಬರುತ್ತಾನೆ, ವಿವರಣೆ ಹಿಂದೆ ಬರುತ್ತೆ. ಒಂದು ವಾಕ್ಯದಲ್ಲಿ ಇಂಥ ವಿವರಣೆ ಎರಡು ಮೂರು ಸೇರಿದರೆ, ಮುಖ್ಯ ಕ್ರಿಯಾಪದ ಯಾವುದು, ಯಾರು ಏನು ಮಾಡಿದರು ಅನ್ನುವುದೇ ಕೈತಪ್ಪಿ ಹೋಗುತ್ತೆ. ಅವಳ ಜೊತೆ ಕೂತು ದಿನಕ್ಕೆ ಎರಡೇ ಎರಡು ಉದ್ದ ವಾಕ್ಯ ಬಿಡಿಸಿ ನೋಡಿ. ಕರ್ತೃ ಎಲ್ಲಿ, ಕ್ರಿಯಾಪದ ಎಲ್ಲಿ, ಉಳಿದದ್ದು ಯಾರ ಬಗ್ಗೆ. ಇದನ್ನು ಹೇಳಿಕೊಡೋಕೆ ನಿಮಗಿಂತ ಒಳ್ಳೆಯವರು ಸಿಗುವುದು ಕಷ್ಟ.

ಇನ್ನೊಂದು, ಪದಗಳು. ಅಲ್ಲಿನ ಪಠ್ಯಕ್ರಮದ ಪಟ್ಟಿಯಲ್ಲಿ ಸುಮಾರು 3000 ಪದಗಳಿವೆ, ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಆದರೆ ಒಂದು ಪದಕ್ಕೆ ಒಂದೇ ಅರ್ಥ. 'ಅಡ್ರೆಸ್' ಅಂದರೆ ವಿಳಾಸ ಅಂತ ಕಲಿತ ಹುಡುಗಿ, ಯಾರೋ ಸಮಸ್ಯೆಯನ್ನು 'ಅಡ್ರೆಸ್' ಮಾಡಿದರು ಅಂತ ಓದಿದಾಗ ನಿಂತುಬಿಡುತ್ತಾಳೆ. ಇದು ಪಟ್ಟಿಯಿಂದ ಬರುವಂಥದ್ದಲ್ಲ, ಓದುತ್ತಾ ಓದುತ್ತಾ ಬರಬೇಕು. ಪಠ್ಯಕ್ರಮವೂ ಅದನ್ನೇ ಹೇಳುತ್ತೆ. ಕಡ್ಡಾಯ ಕೋರ್ಸಿನ ಹಂತದಲ್ಲಿ ಪಾಠದ ಹೊರಗೆ ವಾರಕ್ಕೆ ಕನಿಷ್ಠ 1500 ಪದ, ಮುಂದಿನ ಹಂತದಲ್ಲಿ 2500 ಪದ ಓದಬೇಕು ಅಂತ. ವಾರಕ್ಕೆ 2500 ಪದ ಅಂದರೆ ಎಂಟು ಹತ್ತು ಪುಟ. ಅವಳಿಗೆ ಇಷ್ಟವಾದ ವಿಷಯದ್ದೇ ಇರಲಿ, ಅದರ ಮೇಲೆ ಪ್ರಶ್ನೆ ಕೇಳಬೇಡಿ.

ಪ್ರಶ್ನೆ: 'ಮೊದಲು ಪ್ರಶ್ನೆ ಓದು, ಆಮೇಲೆ ಪ್ಯಾಸೇಜ್‌ನಲ್ಲಿ ಅದೇ ಪದ ಹುಡುಕು' ಅಂತ ಹೇಳಿಕೊಡುತ್ತಾರಂತೆ. ಇಷ್ಟರಿಂದಲೇ ಮಾರ್ಕ್ಸ್ ಬರುವುದಾದರೆ ಅದು ಓದಿನ ಪರೀಕ್ಷೆ ಹೇಗಾಯಿತು?

ಉತ್ತರ: ಒಳ್ಳೆಯ ಪ್ರಶ್ನೆ. ಆ ಉಪಾಯ ಸ್ವಲ್ಪ ದೂರ ನಡೆಯುತ್ತೆ. ಮೊದಲ ಪ್ಯಾಸೇಜ್ ಸಾಮಾನ್ಯವಾಗಿ ಜಾಹೀರಾತು, ಪ್ರವಾಸದ ಮಾಹಿತಿ, ಕಾರ್ಯಕ್ರಮದ ನೋಟಿಸ್ ಥರದ್ದು. ಟಿಕೆಟ್ ಯಾರಿಗೆ ಉಚಿತ, ಯಾವ ದಿನ ರಜೆ ಅಂತ ಕೇಳುತ್ತಾರೆ. ಅಲ್ಲಿ ಹುಡುಕುವುದೇ ಸರಿಯಾದ ಓದು, ನಾವೂ ನೋಟಿಸ್ ಓದುವುದು ಹಾಗೇ ಅಲ್ವಾ? ಆದರೆ ಮೂರನೆಯ, ನಾಲ್ಕನೆಯ ಪ್ಯಾಸೇಜ್‌ಗೆ ಬಂದಾಗ ಲೇಖಕರ ಧೋರಣೆ ಏನು, ಈ ಪ್ಯಾರಾ ಯಾಕೆ ಬಂತು, ಯಾವ ತಲೆಬರಹ ಹೊಂದುತ್ತೆ ಅಂತ ಕೇಳುತ್ತಾರೆ. ಆ ಉತ್ತರ ಯಾವ ಒಂದು ಸಾಲಿನಲ್ಲೂ ಇರುವುದಿಲ್ಲ. ಪದ ಹುಡುಕಿ ಅಭ್ಯಾಸವಾದ ಮಕ್ಕಳು ಅಲ್ಲಿ ಬೀಳುತ್ತಾರೆ, ಯಾಕೆಂದರೆ ತಪ್ಪು ಆಯ್ಕೆಗಳಲ್ಲೇ ಪ್ಯಾಸೇಜ್‌ನ ಪದಗಳನ್ನು ಬೇಕೆಂದೇ ತುಂಬಿರುತ್ತಾರೆ.

ನನಗೆ ಆ ಪೇಪರ್‌ನಲ್ಲಿ ಓದನ್ನು ನಿಜವಾಗಿ ಪರೀಕ್ಷಿಸುವ ಭಾಗ ಅನ್ನಿಸಿರುವುದು ಬರವಣಿಗೆಯ ಲೆಕ್ಕದಲ್ಲಿದೆ. ಒಂದು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಮುಂದಿನ ಎರಡು ಪ್ಯಾರಾಗಳ ಮೊದಲ ವಾಕ್ಯ ಮಾತ್ರ ಕೊಟ್ಟು, ಉಳಿದದ್ದನ್ನು ಸುಮಾರು 150 ಪದಗಳಲ್ಲಿ ನೀವೇ ಮುಗಿಸಿ ಅನ್ನುತ್ತಾರೆ. 25 ಅಂಕ. ಝೆಜಿಯಾಂಗ್‌ನಲ್ಲಿ 2016ರಲ್ಲಿ ಶುರುವಾಗಿ ಆಮೇಲೆ ಬೇರೆ ಪ್ರಾಂತ್ಯಗಳಿಗೂ ಹೋಯಿತು. ಕಥೆಯಲ್ಲಿ ಆ ಹುಡುಗ ಯಾಕೆ ಸುಮ್ಮನಾದ, ಅಜ್ಜಿ ಬಾಗಿಲಲ್ಲಿ ಯಾಕೆ ನಿಂತಳು ಅನ್ನುವುದು ಅರ್ಥವಾಗದಿದ್ದರೆ ಮುಂದಿನ ಸಾಲು ಬರೆಯೋಕೆ ಆಗಲ್ಲ. ಅಲ್ಲಿ ಊಹೆ ಮಾಡಿ ಗೀಟು ಎಳೆಯುವ ಹಾಗಿಲ್ಲ. ಇದಕ್ಕೂ ಸಿದ್ಧ ವಾಕ್ಯಗಳನ್ನು ಬಾಯಿಪಾಠ ಮಾಡಿಸುವವರಿದ್ದಾರೆ, ಕಣ್ಣೀರು ಸುರಿಯಿತು, ಹೃದಯ ಡವಗುಟ್ಟಿತು ಅಂತ. ಆದರೂ ಕಥೆಗೆ ಹೊಂದದ ಕಣ್ಣೀರು ತಿದ್ದುವವರ ಕಣ್ಣಿಗೆ ಬಿದ್ದೇ ಬೀಳುತ್ತೆ.

ಪ್ರಶ್ನೆ: ಓದಿನಲ್ಲಿ ಚೀನಾದ ಮಕ್ಕಳು ಜಗತ್ತಿಗೇ ಮೊದಲು ಅಂತ ಹಲವು ದೇಶಗಳ ಮಕ್ಕಳು ಬರೆಯುವ ಪೀಸಾ ಪರೀಕ್ಷೆಯ ಸುದ್ದಿ ಓದಿದ್ದೆ. ಹಾಗಾದರೆ ಇಂಗ್ಲಿಷ್ ಓದು ಯಾಕೆ ಕಷ್ಟ?

ಉತ್ತರ: ನೀವು ಹೇಳುತ್ತಿರುವುದು 2018ರ ಫಲಿತಾಂಶ. ಬೀಜಿಂಗ್, ಶಾಂಘೈ, ಜಿಯಾಂಗ್‌ಸು, ಝೆಜಿಯಾಂಗ್ ಈ ನಾಲ್ಕು ಕಡೆಯ 15 ವರ್ಷದ ಮಕ್ಕಳು ಓದಿನಲ್ಲಿ 555 ಅಂಕ ಪಡೆದು ಮೊದಲು ಬಂದರು. ಇಡೀ ಚೀನಾ ಅಲ್ಲ. ಮತ್ತೆ ಅವರು ಓದಿದ್ದು ಚೀನೀ ಭಾಷೆಯಲ್ಲಿ. ತಾಯ್ನುಡಿಯಲ್ಲಿ ಚೆನ್ನಾಗಿ ಓದುವ ಮಗುವಿಗೆ ಸಾರಾಂಶ ಹಿಡಿಯುವುದು, ಸಾಲುಗಳ ನಡುವಿನದನ್ನು ಊಹಿಸುವುದು ಎಲ್ಲ ಬರುತ್ತೆ. ಆದರೆ ಹೊಸ ಭಾಷೆಯಲ್ಲಿ ಅದು ಕೆಲಸಕ್ಕೆ ಬರಬೇಕಾದರೆ ಒಂದು ಮಟ್ಟದ ಪದಸಂಪತ್ತು ಮೊದಲು ಇರಬೇಕು. ಪ್ರತಿ ಸಾಲಿನಲ್ಲೂ ಎರಡು ಪದ ಗೊತ್ತಿಲ್ಲದಿದ್ದರೆ ಮನಸ್ಸೆಲ್ಲ ಆ ಪದಗಳ ಮೇಲೇ ಹೋಗುತ್ತೆ, ಯೋಚನೆಗೆ ಜಾಗ ಉಳಿಯಲ್ಲ.

ಪ್ರಶ್ನೆ: ವುಹಾನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಸೀನಿಯರ್ ಹೈಸ್ಕೂಲ್ ಎರಡನೇ ವರ್ಷದ ಮಕ್ಕಳ ಇಂಗ್ಲಿಷ್ ಓದಿನ ಟೆಸ್ಟ್ ಮಾಡಬೇಕು. ಪಾಠಕ್ಕೆ ಮೊದಲು ಒಂದು, ಆಮೇಲೆ ಒಂದು. ಹಳೆಯ ಗಾವ್‌ಕಾವ್ ಪೇಪರ್‌ಗಳಿಂದ 20 ಪ್ರಶ್ನೆ ತೆಗೆದುಕೊಂಡರೆ ಸಾಕಲ್ವಾ?

ಉತ್ತರ: ಸಾಕಾಗಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಆ ಪೇಪರ್‌ಗಳನ್ನು ಮಕ್ಕಳು ಶಾಲೆಯಲ್ಲಿ ಬಿಡಿಸಿರುತ್ತಾರೆ, ಟೀಚರ್ ಒಂದೊಂದೇ ಆಯ್ಕೆ ವಿವರಿಸಿರುತ್ತಾರೆ. ನಿಮಗೆ ಸಿಗುವುದು ಅವರ ನೆನಪಿನ ಲೆಕ್ಕ. ಹೊಸ ಪ್ಯಾಸೇಜ್ ಹುಡುಕಿ. ಪೇಪರ್‌ನ ರೂಪ ಮಾತ್ರ ಅವರಿಗೆ ಪರಿಚಿತವಾಗಿರಲಿ, ಇಲ್ಲದಿದ್ದರೆ ಸೂಚನೆ ಅರ್ಥವಾಗದೇ ತಪ್ಪುತ್ತಾರೆ.

ಪ್ರಶ್ನೆ ಬರೆಯುವಾಗ ನಿಮ್ಮ ಮುಕ್ಕಾಲು ಸಮಯ ತಪ್ಪು ಆಯ್ಕೆಗಳಿಗೆ ಹೋಗಬೇಕು. ಒಂದು ಉದಾಹರಣೆ ನಾನೇ ಕಟ್ಟುತ್ತೇನೆ. ಪ್ಯಾಸೇಜ್ ಹೀಗಿದೆ ಅಂದುಕೊಳ್ಳಿ: ಒಂದು ನಗರದಲ್ಲಿ ಕಟ್ಟಡಗಳ ತಾರಸಿ ಮೇಲೆ ಜೇನು ಸಾಕೋಕೆ ಶುರು ಮಾಡಿದರು, ಮೊದಲ ವರ್ಷ ತುಪ್ಪ ಚೆನ್ನಾಗಿ ಬಂತು, ಎಲ್ಲರೂ ಪೆಟ್ಟಿಗೆ ಇಟ್ಟರು, ಮೂರನೇ ವರ್ಷಕ್ಕೆ ಹೂವು ಸಾಲದೇ ಕಾಡಿನ ಜೇನುನೊಣಗಳು ಕಡಿಮೆಯಾದವು. ಲೇಖಕರು ಹೇಳುವುದೇನು ಅನ್ನುವುದು ಪ್ರಶ್ನೆ. 'ಜೇನುನೊಣ ಪರಿಸರಕ್ಕೆ ಒಳ್ಳೆಯದು' ಅನ್ನುವ ಆಯ್ಕೆ ಇಡಿ. ಅದು ನಿಜವೇ, ಆದರೆ ಈ ಪ್ಯಾಸೇಜ್ ಹೇಳಿದ್ದಲ್ಲ, ಓದದೇ ಉತ್ತರಿಸುವವರು ಅದನ್ನೇ ಹಿಡಿಯುತ್ತಾರೆ. 'ಮೊದಲ ವರ್ಷ ತುಪ್ಪ ಚೆನ್ನಾಗಿ ಬಂತು' ಅನ್ನುವುದು ಪ್ಯಾಸೇಜ್‌ನ ಸಾಲೇ, ಪದ ಹುಡುಕುವವರು ಅಲ್ಲಿ ನಿಲ್ಲುತ್ತಾರೆ. 'ನಗರದಲ್ಲಿ ಜೇನು ಸಾಕುವುದನ್ನೇ ನಿಲ್ಲಿಸಬೇಕು' ಅನ್ನುವುದನ್ನು ಅರ್ಧ ಅರ್ಥವಾಗಿ ಮುಂದೆ ಹಾರಿದವರು ಆರಿಸುತ್ತಾರೆ. 'ಒಳ್ಳೆಯ ಕೆಲಸಕ್ಕೂ ಮಿತಿ ಬೇಕು' ಅನ್ನುವುದು ಸರಿಯಾದದ್ದು, ಅದರಲ್ಲಿ ಪ್ಯಾಸೇಜ್‌ನ ಒಂದು ಪದವೂ ಇಲ್ಲ ನೋಡಿ. ಹೀಗೆ ಬರೆದರೆ ತಪ್ಪು ಉತ್ತರವೂ ನಿಮಗೆ ಮಾಹಿತಿ ಕೊಡುತ್ತೆ. ಯಾರೂ ಆರಿಸದ ಆಯ್ಕೆ ಇದ್ದರೆ ಅದನ್ನು ಬದಲಿಸಿ.

ಬರೆದಾದ ಮೇಲೆ, ನಿಮ್ಮ ಅಧ್ಯಯನದಲ್ಲಿ ಇಲ್ಲದ ಒಂದು ತರಗತಿಗೆ ಪ್ಯಾಸೇಜ್ ಕೊಡದೇ ಬರೀ ಪ್ರಶ್ನೆ ಕೊಟ್ಟು ನೋಡಿ. ನಾಲ್ಕು ಆಯ್ಕೆ ಇರುವ 20 ಪ್ರಶ್ನೆಗೆ ಕಣ್ಣುಮುಚ್ಚಿ ಗೀಟು ಎಳೆದರೂ ಸರಾಸರಿ ಐದು ಸರಿ ಬರುತ್ತೆ. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ನಿಮ್ಮ ಪ್ರಶ್ನೆಗಳಿಗೆ ಪ್ಯಾಸೇಜ್ ಬೇಕಾಗಿಯೇ ಇಲ್ಲ ಅಂತ ಅರ್ಥ. ವಿಷಯದ ಆಯ್ಕೆಯಲ್ಲೂ ಹುಷಾರು. ಹಿಮದ ಮೇಲೆ ಸ್ಕೀಯಿಂಗ್ ಬಗ್ಗೆ ಪ್ಯಾಸೇಜ್ ಕೊಟ್ಟರೆ ಉತ್ತರದ ಚಳಿ ಊರು ಹಾರ್ಬಿನ್‌ನ ಹುಡುಗನಿಗೆ ಅರ್ಧ ಮೊದಲೇ ಗೊತ್ತಿರುತ್ತೆ, ದಕ್ಷಿಣದ ಬಿಸಿಲ ಹೈನಾನ್ ದ್ವೀಪದ ಹುಡುಗಿಗೆ ಗೊತ್ತಿರಲ್ಲ.

ಮೊದಲಿನ ಟೆಸ್ಟ್, ಆಮೇಲಿನ ಟೆಸ್ಟ್ ಎರಡೂ ಒಂದೇ ಕಷ್ಟದವಾಗಿರಬೇಕು. ಇದು ತಪ್ಪಿದರೆ ಏನಾಗುತ್ತೆ ಅನ್ನೋಕೆ ಝೆಜಿಯಾಂಗ್ ಸಾಕು. ಅಲ್ಲಿ ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆದು ಜಾಸ್ತಿ ಬಂದ ಅಂಕ ಇಟ್ಟುಕೊಳ್ಳಬಹುದು. 2018ರ ನವೆಂಬರ್‌ನ ಪೇಪರ್ ಹಿಂದಿನ ವರ್ಷಕ್ಕಿಂತ ಕಷ್ಟವಾಯಿತು ಅಂತ ಓದಿನ ಭಾಗವೂ ಸೇರಿ ಕೆಲವು ಪ್ರಶ್ನೆಗಳಿಗೆ ಆಮೇಲೆ ಅಂಕ ಹೊಂದಿಸಿ ಕೊಟ್ಟರು. ಮಕ್ಕಳು, ಪೋಷಕರು ಸಿಟ್ಟಾದರು, ತನಿಖೆ ಆಯಿತು, ಕೊನೆಗೆ ಮೂಲ ಅಂಕವನ್ನೇ ಉಳಿಸಿದರು. ನಿಮ್ಮದು ಚಿಕ್ಕ ಅಧ್ಯಯನ, ಹಾಗಾಗಿ ಒಂದು ದಾರಿ ಇದೆ. ಎರಡು ಪೇಪರ್ ಮಾಡಿ, ಅರ್ಧ ತರಗತಿಗೆ ಒಂದನ್ನು ಮೊದಲು, ಇನ್ನರ್ಧಕ್ಕೆ ಇನ್ನೊಂದನ್ನು ಮೊದಲು ಕೊಡಿ, ಕೊನೆಗೆ ಅದಲು ಬದಲು ಮಾಡಿ. ಒಂದು ಪೇಪರ್ ಸುಲಭವಾಗಿದ್ದರೂ ಅದರ ಲಾಭ ಒಂದೇ ಕಡೆಗೆ ಹೋಗಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಏಳೆಂಟು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಈ ಉತ್ತರ ಯಾಕೆ ಆರಿಸಿದೆ ಅಂತ ಚೀನೀ ಭಾಷೆಯಲ್ಲೇ ಕೇಳಿ. ಶಾಲೆಯ, ಪೋಷಕರ ಒಪ್ಪಿಗೆ ಮೊದಲೇ ತೆಗೆದುಕೊಂಡಿರಿ. 'ಉದ್ದವಾಗಿರುವ ಆಯ್ಕೆ ಸರಿ ಇರುತ್ತೆ', 'ತೀರಾ ಖಚಿತವಾಗಿ ಹೇಳಿದ್ದು ತಪ್ಪಿರುತ್ತೆ' ಅನ್ನುವ ಕಾರಣಗಳು ಬಂದರೆ ಬರೆದಿಟ್ಟುಕೊಳ್ಳಿ. ಸರಿ ಉತ್ತರ ಬರೆದ ಮಕ್ಕಳಲ್ಲಿ ಎಷ್ಟು ಜನ ನಿಜವಾಗಿ ಓದಿದ್ದರು ಅಂತ ತಿಳಿಯುವುದು ಅಲ್ಲಿಯೇ. ನನ್ನನ್ನು ಕೇಳಿದರೆ ನಿಮ್ಮ ಪ್ರಬಂಧದಲ್ಲಿ ಓದಬೇಕಾದ ಅಧ್ಯಾಯ ಅದೇ ಆಗುತ್ತೆ.

ಪ್ರಶ್ನೆ: ಚೀನಾ ಗಾವ್‌ಕಾವ್‌ನಿಂದ ಇಂಗ್ಲಿಷನ್ನು ತೆಗೆಯುತ್ತಿದೆ ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜವೇ?

ಉತ್ತರ: ಇಲ್ಲ. ಇಂಗ್ಲಿಷ್ ತೂಕ ಕಡಿಮೆ ಮಾಡಿ ಅನ್ನುವ ಸಲಹೆ ಅಲ್ಲಿ ಆಗಾಗ ಬರುತ್ತೆ, ಚರ್ಚೆಯೂ ಜೋರಾಗಿ ನಡೆಯುತ್ತೆ. ಆದರೆ 2024ರಲ್ಲಿ 1 ಕೋಟಿ 34 ಲಕ್ಷ ಮಕ್ಕಳು ಗಾವ್‌ಕಾವ್‌ಗೆ ಹೆಸರು ಕೊಟ್ಟಾಗಲೂ ವಿದೇಶಿ ಭಾಷೆಗೆ 150 ಅಂಕ ಹಾಗೇ ಇತ್ತು. ಇಂಗ್ಲಿಷೇ ಆಗಬೇಕು ಅಂತ ಮಾತ್ರ ಮೊದಲಿಂದಲೂ ಇಲ್ಲ. ಜಪಾನಿ, ರಷ್ಯನ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಇವುಗಳಲ್ಲಿ ಒಂದನ್ನೂ ಆರಿಸಬಹುದು. ಇಂಗ್ಲಿಷ್ ಓದು ಕೈಹತ್ತದ ಕೆಲವರು ಹೈಸ್ಕೂಲ್‌ನಲ್ಲೇ ಜಪಾನಿಗೆ ಹೊರಳುತ್ತಾರೆ, ಚೀನೀ ಲಿಪಿಯ ಅಕ್ಷರಗಳು ಅಲ್ಲೂ ಇರುವುದರಿಂದ ಪುಟ ನೋಡಿದರೆ ಅರ್ಧ ಪರಿಚಿತ ಅನ್ನಿಸುತ್ತೆ.